ನಾಲ್ಕು ಗೀರಿನ ಬಾಟಲಿ

“ಬೆಳಿಗ್ಗೆಯಿಂದ ಈ ಕಟ್ಟರು ಕೇಳ್ಕೊಂಡು ಬಂದೋರಲ್ಲಿ ನೀವು ನಾಲ್ಕನೆಯವ್ರು ಅಣ್ಣ. ಏನು, ಊರಿನ ಕಿಟಕಿಯೆಲ್ಲ ಒಟ್ಟಿಗೇ ಒಡೆದುಹೋಯ್ತಾ?”

ಹೀಗೆ ಕೇಳಿದವನು ಮೊತಾಲೆಬ್, ಹಡಗಿನ ಕಿಟಕಿಗಳಿಗೆ ಗಾಜು ಕೂರಿಸುವವನು. ಢಾಕಾದ ಕಡೆಯಿಂದ ಇಟಲಿಯ ಈ ಮೂಲೆಗೆ ಬಂದು ಎಷ್ಟೋ ಕಾಲವಾಗಿ, ಈಗ ಹಡಗು ಕಟ್ಟುವ ಈ ಯಾರ್ಡಿನಲ್ಲಿ ಅವನಿಗೆ ಗೊತ್ತಿಲ್ಲದ ಸುದ್ದಿಯೆಂದರೆ ಇನ್ನೂ ಹುಟ್ಟದ ಸುದ್ದಿ ಮಾತ್ರ. ಗಾಜು ಕೊರೆಯುವ ಕಟ್ಟರನ್ನು ಕರವಸ್ತ್ರದಲ್ಲಿ ಒರೆಸಿ ಹಿಂದಿರುಗಿಸುತ್ತಿದ್ದ ದುಯೀಲಿಯೊನ ಕೈ ಹಾಗೇ ನಿಂತಿತು.

“ನಾಲ್ಕನೆಯವನಾ? ಉಳಿದ ಮೂರು ಜನ ಯಾರು?”

“ಮೊದಲು ನಿಮ್ಮ ಭಾಮೈದ ಲೀವಿಯೊ. ಆಮೇಲೆ ಕ್ರೇನ್ ಓಡಿಸೋ ಆ ದಪ್ಪ ಮನುಷ್ಯ. ಆಮೇಲೆ ಫಾದರ್ರು.”

“ಫಾದರ್ರಿಗೆ ಗಾಜು ಕೊರೆಯೋ ಕೆಲಸ ಏನಿರುತ್ತಯ್ಯಾ?”

“ನಾನೂ ಅದನ್ನೇ ಕೇಳ್ದೆ. ದೇವರ ಕೆಲಸ ಅಂದ್ರು. ದೇವರ ಕೆಲಸಕ್ಕೆ ನಾನೇನು ಸಾಕ್ಷಿ ಕೇಳಕ್ಕಾಗುತ್ತಾ?”

ದೇವರ ಕೆಲಸ ಯಾವುದೆಂದು ದುಯೀಲಿಯೊನಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಕೆಲಸವನ್ನು ಅವನೂ ಈಗಷ್ಟೇ ಮುಗಿಸಿ ಬಂದಿದ್ದ.

ಆವತ್ತು ಹೊಸ ಹಡಗನ್ನು ನೀರಿಗಿಳಿಸುವ ದಿನ. ಹಡಗೆಂದರೆ ಸಣ್ಣದಲ್ಲ, ಊರಿನ ಚರ್ಚಿನ ಗೋಪುರ ಅದರ ಪಕ್ಕದಲ್ಲಿ ನಿಂತರೆ ಅಜ್ಜಿಯ ಕೈ ಹಿಡಿದ ಮೊಮ್ಮಗುವಿನಂತೆ ಕಾಣಬೇಕು. ಸಾವಿರಾರು ಕೋಣೆಗಳನ್ನು ಮಂಚ, ಕನ್ನಡಿ, ಕಕ್ಕಸು ಸಮೇತ ಬೇರೆಲ್ಲೋ ತಯಾರಿಸಿ ತಂದು, ಮೇಜಿನ ಖಾನೆ ತಳ್ಳಿದಂತೆ ಒಂದೊಂದಾಗಿ ಅದರ ಹೊಟ್ಟೆಗೆ ತಳ್ಳುತ್ತಿದ್ದರು. ಹೊರಮೈಗೆ ಹಾಲಿನಂಥ ಬಿಳಿ ಬಣ್ಣ. ಆ ಬಣ್ಣ ಬಳಿಯುವವರ ಮೇಸ್ತ್ರಿಯೇ ನಮ್ಮ ದುಯೀಲಿಯೊ.

ಪದ್ಧತಿಯ ಪ್ರಕಾರ ಹಡಗಿಗೊಬ್ಬಳು ಧರ್ಮತಾಯಿ ಬೇಕು. ಯಾರ್ಡಿನಲ್ಲಿ ದುಡಿಯುವ ಹೆಂಗಸರಲ್ಲಿ ಚೀಟಿ ಎತ್ತಿದಾಗ ಈ ಸಲ ಹೆಸರು ಬಂದದ್ದು ಹಡಗಿನೊಳಗೆ ಕೇಬಲ್ ಎಳೆಯುವ ನೀವೆಸ್‌ಳದು, ಅಂದರೆ ದುಯೀಲಿಯೊನ ಹೆಂಡತಿಯದು. ಅವಳು ನಾಲ್ಕು ಮಾತು ಹೇಳಿ ಪುಟ್ಟ ಕೊಡಲಿಯಿಂದ ಹಗ್ಗವನ್ನು ಬಿಗಿದಿಟ್ಟ ಪಟ್ಟಿ ಕಡಿಯಬೇಕು. ಆಗ ಹಗ್ಗಕ್ಕೆ ತೂಗುಬಿಟ್ಟ ಸ್ಪುಮಾಂತೆ ಎಂಬ ನೊರೆ ವೈನಿನ ಬಾಟಲಿ ಬೀಸಿಕೊಂಡು ಹೋಗಿ ಹಡಗಿನ ಮೂತಿಗೆ ಬಡಿದು ಚೂರಾಗಬೇಕು. ಚೂರಾದರೆ ಹಡಗಿಗೂ ಒಳ್ಳೆಯದು, ಊರಿಗೂ ಒಳ್ಳೆಯದು.

ಚೂರಾಗದಿದ್ದರೆ? ಅದನ್ನು ದುಯೀಲಿಯೊನನ್ನೇ ಕೇಳಬೇಕು. ಅವನು ಹುಡುಗನಾಗಿದ್ದಾಗ ಅವನ ತಾಯಿ ಒಂದು ಹಡಗಿಗೆ ಧರ್ಮತಾಯಿಯಾಗಿದ್ದಳು. ಆವತ್ತು ಬಾಟಲಿ ಹಡಗಿಗೆ ಟಣ್ಣೆಂದು ಬಡಿದು, ರಬ್ಬರ್ ಚೆಂಡಿನಂತೆ ಇಡಿಯಾಗಿ ವಾಪಸು ಬಂತು. ಆ ಹಡಗಿಗೆ ಇವತ್ತಿನವರೆಗೆ ನೆಗಡಿಯೂ ಆಗಿಲ್ಲ. ಆದರೆ ಊರಿನಲ್ಲಿ ಬೇಕರಿಯ ಒಲೆ ಆರಿದರೂ, ಯಾರದೋ ಹಲ್ಲು ನೊಂದರೂ ಆ ತಾಯಿಯ ಹೆಸರೇ ಬರತೊಡಗಿ, ಪಾಪ, ಅವಳು ಪಕ್ಕದೂರು ಗ್ರಾದೊದಲ್ಲಿರುವ ತಂಗಿಯ ಮನೆ ಸೇರಿಕೊಂಡಳು. ಅಪಶಕುನ ಮಗನಿಗೆ ಬಳುವಳಿಯಾಗಿ ಉಳಿಯಿತು. ಅಪಶಕುನದವರು ಎದುರಾದರೆ ಈ ಜನ ಕಬ್ಬಿಣ ಮುಟ್ಟುತ್ತಾರೆ. ಯಾರ್ಡಿನಲ್ಲಿ ಕಬ್ಬಿಣಕ್ಕೇನು ಬರ? ದುಯೀಲಿಯೊ ನಡೆದುಹೋದ ದಾರಿಯುದ್ದಕ್ಕೂ ಕಂಬಿ, ಕೊಳವೆ, ಸರಪಳಿ ತಟ್ಟುವ ಸದ್ದು ಭಜನೆಯ ತಾಳದಂತೆ ಕೇಳುತ್ತಿತ್ತು.

ಇಂಥ ಮನೆಗೆ ಸೊಸೆಯಾಗಿ ಬಂದ ನೀವೆಸ್ ಇವತ್ತು ಬಾಟಲಿ ಒಡೆಯಬೇಕು. ಒಡೆದರೆ ಮನೆಗಂಟಿದ ಮಸಿ ತೊಳೆದುಹೋದಂತೆ. ಒಡೆಯದಿದ್ದರೆ ಗಂಡಹೆಂಡಿರಿಬ್ಬರೂ ಗ್ರಾದೊದಲ್ಲಿ ಮನೆ ಹುಡುಕಬೇಕು. ಅದಕ್ಕೇ ದುಯೀಲಿಯೊ ಬೆಳಿಗ್ಗೆ ಹಗ್ಗದ ಮೇಸ್ತ್ರಿ ಒತ್ತಾವಿಯೊನ ಗುಡಿಸಲಿಗೆ ನುಗ್ಗಿ, ಒಳಗಿನ ಮಬ್ಬಿನಲ್ಲಿ ಅಲ್ಲಿಟ್ಟಿದ್ದ ಬಾಟಲಿಯ ಹೊಟ್ಟೆಗೆ ಕಟ್ಟರಿನಿಂದ ಸಣ್ಣಗೆ ಒಂದು ಗೀರು ಎಳೆದು ಬಂದದ್ದು.

ಗೀರು ಎಳೆದದ್ದೇನೋ ಸರಿ. ಆದರೆ ಈ ಮನೆತನದ ಅದೃಷ್ಟದ ಮೇಲೆ ನಂಬಿಕೆಯಿಲ್ಲದವನು ಅವನೊಬ್ಬನೇ ಅಲ್ಲವಲ್ಲ. ಒಂದು ಗೀರು ಬಿದ್ದ ಬಾಟಲಿ ಬಾಟಲಿಯೇ. ನಾಲ್ಕು ಗೀರು ಬಿದ್ದದ್ದು ಹಪ್ಪಳ. ಅದೂ ಬೋರಾ ಗಾಳಿ ಎದ್ದಿರುವ ದಿನ. ಬೆಟ್ಟದ ಕಡೆಯಿಂದ ಬೀಸಿದರೆ ಮುದುಕರ ಹಲ್ಲಿನ ಸೆಟ್ಟನ್ನೂ ಬಿಡದ ಗಾಳಿ. ಹಗ್ಗಕ್ಕೆ ಕಟ್ಟಿದ ಕೂಡಲೇ ಬಾಟಲಿ ನೀವೆಸ್‌ಳ ತಲೆಯ ಮೇಲೆಯೇ ಸುರಿದರೂ ಆಶ್ಚರ್ಯವಿಲ್ಲ.

ದುಯೀಲಿಯೊ ಓಡಿದ. ಒತ್ತಾವಿಯೊ ಎಲ್ಲಿಗೋ ಹೋಗಿದ್ದ. ಬಾಣಂತಿ ಕೋಣೆಯಿಂದ ಕೂಸನ್ನು ಎತ್ತುವಂತೆ ಬಾಟಲಿಯನ್ನು ಎತ್ತಿ, ಮದುವೆಯಲ್ಲಿ ಹೊಲಿಸಿದ ಕೋಟಿನೊಳಗೆ ಎದೆಗವಚಿಕೊಂಡು, ಉಸಿರು ಬಿಗಿಹಿಡಿದು ಹೊರಗೆ ಬಂದ.

“ಭಾವ!”

ಲೀವಿಯೊ. ಕೊಳವೆ ಜೋಡಿಸುವ ಕೆಲಸ, ಕೊಳವೆಯಂಥವೇ ತೋಳು.

“ಬಾ ಭಾವ, ತಬ್ಕೋ. ಇವತ್ತು ನಮ್ಮನೆ ಹೆಣ್ಣುಮಗಳ ದಿನ.”

“ಬೇಡ ಲೀವಿಯೊ, ನನಗೆ ಸ್ವಲ್ಪ ಎದೆ—”

ಲೀವಿಯೊ ತಬ್ಬಿಯೇಬಿಟ್ಟ. ಕೋಟಿನೊಳಗೆ ಕರಕ್ಕೆಂದು ಸದ್ದಾಯಿತು. ಆಮೇಲೆ ಬುಸ್ಸೆಂಬ ನಿಟ್ಟುಸಿರು. ದುಯೀಲಿಯೊನ ಅಂಗಿಯೊಳಗಿಂದ ಪ್ಯಾಂಟಿನವರೆಗೆ ಒಂದು ತಣ್ಣನೆಯ ಹೊಳೆ ಹರಿಯಿತು.

ಲೀವಿಯೊ ಹಿಂದೆ ಸರಿದು ಮೂಗರಳಿಸಿದ.

“ಏನ್ ಭಾವ ಇದು, ಬೆಳಿಗ್ಗೆ ಬೆಳಿಗ್ಗೆನೇ?”

“ಕುಡಿದಿಲ್ಲ ಕಣೋ, ಚೆಲ್ತು.”

“ಎಲ್ಲರದೂ ಹಾಗೇ ಚೆಲ್ಲುತ್ತೆ ಭಾವ. ನಮ್ಮ ದೊಡ್ಡಪ್ಪನೂ ಮೂವತ್ತು ವರ್ಷ ಚೆಲ್ಕೊಂಡೇ ಇದ್ದ.” ಹೀಗೆಂದು ಕನಿಕರದಿಂದ ತಲೆಯಲ್ಲಾಡಿಸಿ, ಅಕ್ಕನಿಗೆ ಸುದ್ದಿ ಮುಟ್ಟಿಸಲು ಹೊರಟೇಬಿಟ್ಟ.

ಗಾಜಿನ ಚೂರುಗಳಿಂದ ನೆನೆದ ಲೇಬಲ್ಲನ್ನು ಮೆಲ್ಲಗೆ ಸುಲಿದುಕೊಂಡು ದುಯೀಲಿಯೊ ಗೇಟಿನ ಬಳಿಯ ಜೆಮ್ಮಾಳ ಅಂಗಡಿಗೆ ಧಾವಿಸಿದ. ಬೆಳಗಿನ ಕಾಫಿಯಿಂದ ಸಂಜೆಯ ವೈನಿನವರೆಗೆ ಯಾರ್ಡಿನ ಜನರನ್ನೆಲ್ಲ ಸಾಕುವ ಹೆಂಗಸು ಅವಳು.

“ಜೆಮ್ಮಕ್ಕ, ಒಂದು ಸ್ಪುಮಾಂತೆ ಕೊಡು, ಬೇಗ.”

ಅವಳೂ ಮೂಗರಳಿಸಿದಳು. “ಇನ್ನೂ ಬೇಕಾ? ನೋಡು ತಮ್ಮ, ಹೆಂಡ್ತಿ ಮೆರೆಯೋ ದಿನ ಗಂಡಸರಿಗೆ ಹೀಗೆ ಸಂಕಟ ಆಗೋದು ಸಹಜ. ನಿಂಬೆಹಣ್ಣು ಹಿಂಡಿ ಒಂದು ಕಾಫಿ ಕೊಡ್ತೀನಿ, ಕೂತ್ಕೋ.”

“ನನಗಲ್ಲ ಅಕ್ಕ, ಹಡಗಿಗೆ.”

“ಕುಡಿದೋರೆಲ್ಲ ಇನ್ನೊಬ್ಬರಿಗೆ ಅಂತಾನೇ ಕೇಳೋದು. ನೀನು ಹಡಗಿನವರೆಗೂ ಹೋದೆ.” ಆದರೂ ಕರುಳಿನವಳು. ಮೇಜಿನ ಕೆಳಗೆ ಬಗ್ಗಿದಳು. “ಇರೋ ಸ್ಪುಮಾಂತೆಯೆಲ್ಲ ಊಟದ ಡೇರೆಗೆ ಹೊತ್ಕೊಂಡು ಹೋದ್ರು. ಇದೊಂದಿದೆ ನೋಡು, ನಮ್ಮ ಭಾವನ ತೋಟದ್ದು. ಮನೇಲೇ ಮಾಡಿದ್ದು.”

ಹೆಸರಿಲ್ಲದ, ಹೆಚ್ಚುಕಡಿಮೆ ಕಪ್ಪೆನ್ನಬಹುದಾದ ದಪ್ಪ ಗಾಜಿನ ಬಾಟಲಿ.

“ನೊರೆ ಬರುತ್ತಾ?”

“ನೊರೇನಾ? ಹೋದ್ಸಲ ಬಿರಡೆ ತೆಗೆದಾಗ ಮೇಲಿನ ದೀಪ ಹೋಯ್ತು.”

ಅಷ್ಟು ಸಾಕಿತ್ತು. ಅಲ್ಲೇ ನಿಂತು ನೆನೆದ ಲೇಬಲ್ಲನ್ನು ಹೊಸ ಬಾಟಲಿಗೆ ಅಂಟಿಸಿ, ಅಂಗೈಯಿಂದ ಒತ್ತಿದ. ಸ್ವಲ್ಪ ಓರೆಯಾಯಿತು; ದೂರದಿಂದ ಯಾರು ನೋಡುತ್ತಾರೆ?

ಆದರೆ ಹೊಸ ಸಂಕಟ ಹುಟ್ಟಿತು. ಹಳೆಯದು ಮುಟ್ಟಿದರೆ ಒಡೆಯುವಂತಿತ್ತು. ಇದು ಗೋಡೆಗೆ ಮೊಳೆ ಹೊಡೆಯಬಹುದಾದಷ್ಟು ಗಟ್ಟಿ. ಒಂದಾದರೂ ಗೀರು ಬೀಳಲೇಬೇಕು. ಮೊತಾಲೆಬ್ ಹೆಂಡತಿ ಮಕ್ಕಳೊಂದಿಗೆ ಒಳ್ಳೆಯ ಬಟ್ಟೆ ತೊಟ್ಟು ಸಮಾರಂಭದ ಸಾಲಿನಲ್ಲಿ ನಿಂತಿದ್ದ.

“ಕಟ್ಟರಾ? ಅಯ್ಯೋ, ಐದನೆಯವರು ತಗೊಂಡು ಹೋಗಿ ಇನ್ನೂ ಕೊಟ್ಟಿಲ್ಲ ಅಣ್ಣ.”

“ಐದನೆಯವರು ಯಾರಪ್ಪಾ?”

ಮೊತಾಲೆಬ್ ದನಿ ತಗ್ಗಿಸಿದ. “ಡೈರೆಕ್ಟರ್ ಸಾಹೇಬ್ರ ಕಡೆಯವರು. ನಾನು ಹೇಳ್ದೆ ಅನ್ಬೇಡಿ. ಒಂದು ಮಾತು ಕೇಳಲಾ ಅಣ್ಣ? ಏನೋ ವಾಸನೆ…”

“ಚೆಲ್ತು,” ಎಂದು ಹೇಳಿ ದುಯೀಲಿಯೊ ಗುಡಿಸಲಿನತ್ತ ಓಡಿದ. ಡೈರೆಕ್ಟರರ ಕಡೆಯವರಾದರೂ ಬಂದು ಗೀರಿಯಾರು ಎಂಬ ಆಸೆಯಿಂದ ಬಾಟಲಿಯನ್ನು ಜಾಗದಲ್ಲಿ ಇಡುವುದಕ್ಕೂ, ಬಾಗಿಲಲ್ಲಿ ಮುದುಕ ಒತ್ತಾವಿಯೊ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು.

“ಬಾಟಲಿ ಹತ್ರ ಏನೋ ಮಾಡ್ತಿದ್ದೀಯ?”

“ಧೂಳು ಒರೆಸ್ತಿದ್ದೆ ಯಜಮಾನ್ರೇ.”

ಒತ್ತಾವಿಯೊ ಅವನನ್ನು ಮೂಸಿ ನೋಡಿದ. “ಒಳಗಡೆಯಿಂದಾನೂ ಒರೆಸಿದ ಹಾಗಿದೆ.”

“ಇದು ಒಡೆಯುತ್ತಲ್ವಾ?”

“ಹಗ್ಗ ಕಟ್ಟೋದು ನನ್ನ ಕೆಲಸ,” ಎಂದು ಒತ್ತಾವಿಯೊ ಬಾಟಲಿಯನ್ನು ಎತ್ತಿಕೊಂಡು ಕಟ್ಟಲು ಹೊರಟೇಬಿಟ್ಟ. “ನಡಿ, ಹೆಂಡ್ತಿ ಪಕ್ಕ ಹೋಗಿ ನಿಂತ್ಕೋ. ಗಾಳಿಗೆ ಎದುರಾಗಿ ನಿಂತ್ಕೋ, ಫಾದರ್ರಿಗೆ ವಾಸನೆ ಹೋಗ್ಬಾರ್ದು.”

ಹಡಗು ನಿಂತಿದ್ದ ದೊಡ್ಡ ಗುಂಡಿಯಂಥ ಡಾಕಿನ ತಳಕ್ಕೆ ನೀರು ಬಿಟ್ಟಾಗಿತ್ತು. ಬಾವುಟಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ವೇದಿಕೆಯ ಮೇಲೆ ಹಸಿರು ಉಡುಪು, ಹಸಿರು ಟೋಪಿಯ ನೀವೆಸ್ ನಿಂತಿದ್ದಳು. ಮೈಲುಗಟ್ಟಲೆ ಕೇಬಲ್ ಎಳೆದ ಅವಳ ಕೈಯಲ್ಲಿ ಆ ಪುಟ್ಟ ಕೊಡಲಿ ಹಲ್ಲುಕಡ್ಡಿಯಂತೆ ಕಾಣುತ್ತಿತ್ತು. ಗಂಡ ಬಂದು ಪಕ್ಕಕ್ಕೆ ನಿಂತಾಗ ತುಟಿ ಅಲುಗಿಸದೆ ಹೇಳಿದಳು:

“ಲೀವಿಯೊ ಹೇಳ್ದ. ನಾನು ನಂಬಿರ್ಲಿಲ್ಲ. ಈಗ ಮೂಗು ಹೇಳ್ತಿದೆ.”

“ಚೆಲ್ತು ಕಣೆ, ನಿನ್ನಾಣೆ.”

“ಬಾಟಲಿ ಒಡೀಲಿ, ಆಮೇಲೆ ನಿನ್ನ ವಿಚಾರ.”

ಡೈರೆಕ್ಟರರು ಮಾತಾಡಿದರು. ಹಡಗು ಕೊಳ್ಳುವ ಕಂಪನಿಯ ಕಡೆಯಿಂದ ಬಂದಿದ್ದ ನಾರ್ವೆಯ ಹೆಂಗಸು ಮಾತಾಡಿದಳು. ಫಾದರ್ರು ಹಡಗಿನ ಮೇಲೆ ಪವಿತ್ರ ಜಲ ಚಿಮುಕಿಸಿ, ಬಾಟಲಿಯ ಕಡೆ ಒಮ್ಮೆ, ಕ್ರೇನಿನವನ ಕಡೆ ಒಮ್ಮೆ ನೋಡಿ ನಿರಾಳವಾಗಿ ಮುಗುಳ್ನಕ್ಕರು. ಲೀವಿಯೊ ಕೂಡ ನಿರಾಳವಾಗಿದ್ದ. ಆ ಜನಸಾಗರದಲ್ಲಿ ಬಾಟಲಿಯ ಮೈಮೇಲೆ ಒಂದೇ ಒಂದು ಗೀರಿಲ್ಲವೆಂದು ತಿಳಿದಿದ್ದವನು ಒಬ್ಬನೇ. ಅವನು ಎರಡು ಕೈಯಲ್ಲೂ ವೇದಿಕೆಯ ಕಬ್ಬಿಣದ ಕಂಬಿ ಹಿಡಿದು ನಿಂತಿದ್ದ.

“ಈ ಹಡಗನ್ನೂ, ಇದರಲ್ಲಿ ಸಾಗುವ ಎಲ್ಲರನ್ನೂ ದೇವರು ಕಾಪಾಡಲಿ,” ಎಂದು ನೀವೆಸ್ ಕೊಡಲಿ ಎತ್ತಿ ಹೊಡೆದಳು. ಗಂಡನ ಮೇಲಿನ ಸಿಟ್ಟೂ ಸೇರಿ ಪಟ್ಟಿಯ ಜೊತೆಗೆ ಕೆಳಗಿನ ಹಲಗೆಯೂ ಸೀಳಿತು.

ಬಾಟಲಿ ಬೀಸಿಕೊಂಡು ಹೋಯಿತು. ದುಯೀಲಿಯೊ ಕಣ್ಣು ಮುಚ್ಚಿದ.

ಫಟಾರ್.

ಒಡೆಯಿತು. ಅವನು ಸಂತೋಷದಿಂದ ಕಣ್ಣು ತೆರೆದ. ತೆರೆದರೆ ಯಾರೂ ಚಪ್ಪಾಳೆ ತಟ್ಟುತ್ತಿಲ್ಲ. ಹಾಲು ಬಿಳುಪಿನ ಹಡಗಿನ ಮೂತಿಯ ಮೇಲೆ, ಮೂಗಿಗೆ ಗುದ್ದು ತಿಂದವನಂತೆ, ಕಡುಕೆಂಪು ನೊರೆ ಬುಸುಗುಟ್ಟುತ್ತ ಇಳಿಯುತ್ತಿತ್ತು. ಜೆಮ್ಮಾಳ ಭಾವ ಬೆಳೆಯುವುದು ಕಪ್ಪು ದ್ರಾಕ್ಷಿ. ಬಣ್ಣ ಯಾವುದೆಂದು ಕೇಳುವುದು ದುಯೀಲಿಯೊನಿಗೆ ಹೊಳೆದಿರಲಿಲ್ಲ.

ಸಾವಿರ ಕೈಗಳು ಕಬ್ಬಿಣ ಹುಡುಕಿದವು. ಅಷ್ಟರಲ್ಲಿ ಬೋರಾ ಗಾಳಿ ಕೆಂಪು ಹನಿಗಳನ್ನು ತಂದು ಮುಂದಿನ ಸಾಲಿನವರ ಮುಖಕ್ಕೆ ಎರಚಿತು. ಅಲ್ಲಿದ್ದ ಒಬ್ಬ ಮುದುಕಿ ತುಟಿ ಸವರಿಕೊಂಡು, “ರಕ್ತ ಅಲ್ರೋ, ವೈನು. ಚೆನ್ನಾಗಿದೆ,” ಎಂದವಳೇ ಬೆರಳದ್ದಿ ಕಿವಿಯ ಹಿಂದೆ ಹಚ್ಚಿಕೊಂಡಳು. ಚೆಲ್ಲಿದ ವೈನನ್ನು ಕಿವಿಯ ಹಿಂದೆ ಹಚ್ಚಿಕೊಂಡರೆ ಅದೃಷ್ಟ ಎನ್ನುವುದು ಯಾರಿಗೆ ಗೊತ್ತಿಲ್ಲ? ಜನ ಮುಗಿಬಿದ್ದರು. ಫಾದರ್ರೂ ಹಚ್ಚಿಕೊಂಡರು. ನಾರ್ವೆಯ ಹೆಂಗಸು ಎರಡೂ ಕಿವಿಗೆ ಹಚ್ಚಿಕೊಂಡು, ಇಂಥ ಸೊಗಸಾದ ಪದ್ಧತಿಯನ್ನು ತಾನೆಲ್ಲೂ ಕಂಡಿಲ್ಲವೆಂದಳು. ನೀವೆಸ್‌ಳನ್ನು ಹೆಗಲ ಮೇಲೆ ಎತ್ತಿಕೊಂಡು ಊಟದ ಡೇರೆಗೆ ಮೆರವಣಿಗೆ ಹೊರಟಿತು.

ಹಿಂದೆ ಉಳಿದವನ ಹೆಗಲ ಮೇಲೆ ಡೈರೆಕ್ಟರರು ಕೈಯಿಟ್ಟರು.

“ಮೇಸ್ತ್ರಿ, ಊಟ ಆದ್ಮೇಲೆ ಟಿವಿಯವರು ಹಡಗಿನ ಚಿತ್ರ ತೆಗೀತಾರೆ. ಅಷ್ಟರೊಳಗೆ ಬಿಳಿ ಆಗ್ಬೇಕು. ನಿಮ್ಮ ಹುಡುಗರೆಲ್ಲ ಊಟಕ್ಕೆ ಹೋದ್ರು, ನೀವೇ ಒಂಚೂರು…” ಅವರೂ ಮೂಗರಳಿಸಿದರು. “ಸೊಂಟಕ್ಕೆ ಪಟ್ಟಿ ಬಿಗಿಯಾಗಿ ಕಟ್ಕೊಳ್ಳಿ. ಬಿದ್ದುಗಿದ್ದೀರಿ.”

ಹೀಗೆ ಊರೆಲ್ಲ ಕರಿದ ಮೀನು, ಮುಸುಕಿನ ಜೋಳದ ಮುದ್ದೆಯಂಥ ಪೊಲೆಂತಾ ಹೊಡೆಯುತ್ತಿರುವಾಗ ದುಯೀಲಿಯೊ ಕ್ರೇನಿನ ತೊಟ್ಟಿಲಲ್ಲಿ ನೇತಾಡುತ್ತ ಬಣ್ಣ ಬಳಿಯತೊಡಗಿದ. ಪಕ್ಕದಲ್ಲಿ ಒತ್ತಾವಿಯೊ, ಕೈಯಲ್ಲಿ ಕಬ್ಬಿಣ ಕತ್ತರಿಸುವ ಯಂತ್ರ.

“ನೀವ್ಯಾಕೆ ಬಂದ್ರಿ ಯಜಮಾನ್ರೇ?”

“ನನ್ನ ಸಾಮಾನು ತೆಗೀಬೇಕಲ್ಲ.” ಒತ್ತಾವಿಯೊ ಬೆರಳು ತೋರಿಸಿದ. ಕೆಂಪು ಕಲೆಯ ನಡುಮಧ್ಯೆ, ಬಿಳಿ ಬಣ್ಣ ಬಳಿದ ಒಂದು ಗೇಣಿನ ಉಕ್ಕಿನ ಅಲಗು ಎದ್ದು ನಿಂತಿತ್ತು. “ನಿಮ್ಮಮ್ಮನ ಬಾಟಲಿ ವಾಪಸು ಬಂದಾಗಿನಿಂದ ಪ್ರತಿ ಹಡಗಿಗೂ ಬೆಳಗಿನ ಜಾವ ಬೆಸೀತೀನಿ, ಸಮಾರಂಭ ಆದ್ಮೇಲೆ ಕತ್ತರಿಸ್ತೀನಿ. ಇದರ ಮೇಲೆ ಬಿದ್ರೆ ಬಾಟಲಿ ಏನು, ಕಲ್ಲಂಗಡಿನೂ ಎರಡು ಹೋಳು.”

“ಹಾಗಾದ್ರೆ ಪ್ರತಿ ಹಡಗಿಗೂ ಈ ಜಾಗದಲ್ಲಿ ನಾನು ತೇಪೆ ಬಣ್ಣ ಹಚ್ತಿದ್ದದ್ದು…”

“ಬಾಟಲಿ ಏಟಿನ ಗಾಯ ಅಂದ್ಕೊಂಡಿದ್ಯಾ? ಗಾಜು ಬಡಿದು ಉಕ್ಕಿಗೆ ಗಾಯ ಆಗುತ್ತೇನೋ ದಡ್ಡ?”

“ನನಗೊಂದು ಮಾತು ಹೇಳಬಾರ್ದಿತ್ತಾ?”

“ನಿನಗೆ ಹೇಳಿದ್ರೆ ನೀವೆಸ್‌ಗೆ, ನೀವೆಸ್‌ಗೆ ಹೇಳಿದ್ರೆ ಲೀವಿಯೊಗೆ. ಆಮೇಲೆ ಶಾಸ್ತ್ರಕ್ಕೆ ಬೆಲೆ ಎಲ್ಲಿ ಉಳೀತು?”

ದುಯೀಲಿಯೊ ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದಿದ. ಕೆಳಗಿನಿಂದ ಅಕಾರ್ಡಿಯನ್ ಸದ್ದು, ಬೆಳ್ಳುಳ್ಳಿಯ ಘಮ.

“ಕೆಳಗೆ ನನ್ನ ವಿಷಯ ಏನಂತಿದ್ದಾರೆ?”

“ಒಳ್ಳೇದೇ ಅಂತಿದ್ದಾರೆ. ಇನ್ಮೇಲೆ ನಿನ್ನ ಕಂಡ್ರೆ ಯಾರೂ ಕಬ್ಬಿಣ ಮುಟ್ಟಲ್ಲ.”

“ನಿಜವಾಗ್ಲೂ?”

“ಕುಡುಕರು ಎದುರು ಬಂದ್ರೆ ಅಪಶಕುನ ಅಲ್ಲವಂತೆ.”

ಒತ್ತಾವಿಯೊ ಅಲಗನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡ. ದುಯೀಲಿಯೊ ಕೊನೆಯ ಕೈ ಬಣ್ಣ ಎಳೆದು, ಕೆಂಪಿನ ಸುಳಿವೂ ಇಲ್ಲದಂತಾದ ಮೇಲೆ ಕುಂಚ ಕೆಳಗಿಟ್ಟು, ತಲೆ ಹಿಂದಕ್ಕೆ ಮಾಡಿ ನೋಡಿದ. ಆಗ ಬೋರಾ ಗಾಳಿ ಊಟದ ಡೇರೆಯ ಕಡೆಯಿಂದ ಕೈ ಒರೆಸುವ ಒಂದು ಕಾಗದವನ್ನು ಎತ್ತಿಕೊಂಡು ಬಂತು. ಅದು ಎರಡು ಸುತ್ತು ಸುತ್ತಿ, ಎಣ್ಣೆ ಮತ್ತು ಮೀನಿನ ಗುರುತಿದ್ದ ಮೈಯನ್ನೇ ಮುಂದೆ ಮಾಡಿ, ಹಸಿ ಬಣ್ಣದ ನಟ್ಟನಡುವೆ ಅಚ್ಚುಕಟ್ಟಾಗಿ ಅಂಟಿಕೊಂಡಿತು.