ಹೋಗದ ಶಾಂಘೈಯಿಂದ ಹಿಂತಿರುಗುವ ಬಗೆ

ಶಾಂಘೈ ಪಟ್ಟಣದಲ್ಲಿ ಹತ್ತು ದಿನ ಇದ್ದು ಬರಲು ಯೋಜನೆ ಹಾಕಿದವನು ನಾನು. ಅದರಿಂದ ಹಸಿದವಳು ನನ್ನ ಹೆಂಡತಿ ನಂಜಮ್ಮ, ಅದೂ ತುಂಬಿದ ಬಸುರಿಯಾಗಿದ್ದಾಗ. ಯಾರು ಅನುಭವಿಸಿದರು ಎಂಬುದನ್ನು ಮೊದಲೇ ಹೇಳಿಬಿಡುವುದು ಮೇಲು. ಇಲ್ಲವಾದರೆ ಇಂಥ ವೃತ್ತಾಂತಗಳಲ್ಲಿ ಕಷ್ಟಪಟ್ಟವನು ಬರೆದವನೇ ಎಂಬ ಭ್ರಮೆ ಓದುವವರಲ್ಲಿ ಉಳಿದುಬಿಡುತ್ತದೆ.

ನಾನು ದೊಡ್ಡಬಳ್ಳಾಪುರದಲ್ಲಿ ಉಪಾಧ್ಯಾಯ. ಶಾಲೆ ಬಿಟ್ಟ ಮೇಲೆ ನೇಕಾರರಿಗೆ ರಾತ್ರಿಶಾಲೆ ನಡೆಸುತ್ತೇನೆ. ಉಳಿದ ವೇಳೆಯಲ್ಲಿ ಅನ್ಯಾಯಗಳನ್ನು ಪ್ರತಿಭಟಿಸುತ್ತೇನೆ. ಮಗ್ಗದ ಬೀದಿಯ ಚರಂಡಿ, ಬಾವಿಕಟ್ಟೆಯ ಜಾತಿಭೇದ, ರೇಷನ್ ಡಿಪೋದ ರಾಗಿಯಲ್ಲಿ ಸಿಗುವ ಮಣ್ಣು, ಯಾವುದನ್ನೂ ನಾನು ಬಿಟ್ಟವನಲ್ಲ. ಎರಡನೆಯ ಮಹಾಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಆಗ ನಾನು ಕೈಗೆತ್ತಿಕೊಂಡ ಮುಖ್ಯ ಅನ್ಯಾಯವೆಂದರೆ ಸುಳ್ಳು ಹೆಸರುಗಳದು. ಸತ್ತವರ ಹೆಸರಿನಲ್ಲಿ, ಊರು ಬಿಟ್ಟು ಹೋದವರ ಹೆಸರಿನಲ್ಲಿ ಜನ ಧಾನ್ಯ ತರುತ್ತಿದ್ದರು. ಇದನ್ನು ತಡೆಯಲು ಒಂದು ಸಮಿತಿಯನ್ನೇ ಸ್ಥಾಪಿಸಿದೆ. ಅದರ ಅಧ್ಯಕ್ಷನೂ ನಾನೇ, ಕಾರ್ಯದರ್ಶಿಯೂ ನಾನೇ, ಜವಾನನೂ ನಾನೇ.

ಅಮಲ್ದಾರರಿಗೆ ಅರ್ಜಿ ಕೊಟ್ಟು ಸುಮ್ಮನಾಗಲಿಲ್ಲ. ಅವರ ಶ್ರಮ ಉಳಿಯಲೆಂದು ನಿಯಮವನ್ನೂ ರಚಿಸಿಕೊಟ್ಟೆ. “ಸತ್ತವರ ಮತ್ತು ಊರು ಬಿಟ್ಟವರ ಹೆಸರನ್ನು ಕೂಡಲೇ ಹೊಡೆದುಹಾಕತಕ್ಕದ್ದು. ಊರು ಬಿಟ್ಟವರು ಹಿಂತಿರುಗಿದ್ದಕ್ಕೆ ತಕ್ಕ ಆಧಾರ ತೋರಿಸಿದ ಹೊರತು ಯಾವ ಕಾರಣಕ್ಕೂ ಅವರ ಹೆಸರನ್ನು ಮತ್ತೆ ಸೇರಿಸಕೂಡದು.” ನನ್ನ ಚರಂಡಿಯ ಅರ್ಜಿ, ಬಾವಿಯ ಅರ್ಜಿ, ಮಣ್ಣಿನ ಅರ್ಜಿ ಎಲ್ಲವೂ ತಾಲ್ಲೂಕು ಕಚೇರಿಯಲ್ಲಿ ಚಿರನಿದ್ರೆಯಲ್ಲಿದ್ದವು. ಇದೊಂದನ್ನು ಮಾತ್ರ ಅಕ್ಷರವೂ ಬದಲಾಗದಂತೆ ಜಾರಿಗೆ ತಂದರು. ಸರ್ಕಾರ ಪ್ರಜೆಗಳ ಮಾತು ಕೇಳುವುದಿಲ್ಲವೆಂದು ನಾನು ಭಾಷಣಗಳಲ್ಲಿ ಹೇಳುತ್ತಿದ್ದುದು ತಪ್ಪು. ಪ್ರಜೆಗಳ ತುತ್ತು ಕಡಿಮೆಯಾಗುವ ಮಾತಾದರೆ ಕೇಳುತ್ತದೆ.

ನಿಯಮದ ಮೊದಲ ಏಟು ಬಿದ್ದದ್ದು ನಮ್ಮ ಪಕ್ಕದ ಮನೆಗೆ. ಅಲ್ಲಿರುವ ಅಮೀನಾಬಿಯ ಗಂಡ ಮಗ್ಗದ ಮುಂದೆಯೇ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದ. ಅವನ ಹೆಸರು ರೇಷನ್ ಚೀಟಿಯಲ್ಲಿ ಉಳಿದಿತ್ತು. ಗೋಡೆಯಾಚೆಯಿಂದ ಆಕೆ ಕೇಳಿದಳು.

“ಏನ್ ಮೇಷ್ಟ್ರೆ, ನಮ್ಮೆಜಮಾನ್ರ ಪಾಲು ಹೊಡ್ಸಾಕ್ಬಿಟ್ರಂತೆ?”

“ನೋಡಮ್ಮಾ, ಸತ್ತವರು ಉಣ್ಣುವುದಿಲ್ಲ.”

“ಸತ್ತೋರು ಉಣ್ಣಲ್ಲ ನಿಜ. ಅವ್ರ ಮಗ್ಗದ ಗುಂಡೀಲಿ ಈಗ ನನ್ನ ಮಕ್ಕಳು ಕೂತವ್ರೆ. ಗಂಡಸ್ರ ಕೆಲ್ಸ ಮಾಡ್ತಾರೆ, ಸರ್ಕಾರ ಮಕ್ಕಳ ಅರ್ಧ ಪಾಲು ಕೊಡುತ್ತೆ. ಇನ್ನರ್ಧ ಅವ್ರಪ್ಪ ಕೊಡ್ತಿದ್ದ.”

ಈ ವಾದದಲ್ಲಿ ಭಾವನೆ ಇದೆ, ತತ್ವವಿಲ್ಲ ಎಂದು ತೀರ್ಮಾನಿಸಿ ನಾನು ಒಳಗೆ ಹೋದೆ.

ಇಂಥ ಶುಭಕಾಲದಲ್ಲಿ ಬೆಂಗಳೂರಿನ ಒಂದು ಸಂಘದಿಂದ ಕಾಗದ ಬಂತು. ದುಡಿಯುವವರ ರಾತ್ರಿಶಾಲೆಗಳನ್ನು ನೋಡಿಬರಲು ಕೆಲವು ಉಪಾಧ್ಯಾಯರನ್ನು ಶಾಂಘೈಗೆ ಕಳಿಸುತ್ತಾರಂತೆ. ಅವರಲ್ಲಿ ನಾನೂ ಒಬ್ಬ. “ಸಿದ್ಧರಾಗಿರಿ” ಎಂದು ಬರೆದಿತ್ತು. ಹಡಗಿನ ಟಿಕೆಟ್ಟಿನ ವಿಷಯ ಬರೆದಿರಲಿಲ್ಲ. ಸಿದ್ಧನಾಗಲು ಟಿಕೆಟ್ಟು ಏಕೆ?

ನಮ್ಮ ಶಾಲೆಯ ಏಷ್ಯಾ ಭೂಪಟದಲ್ಲಿ ಶಾಂಘೈ ಇರಬೇಕಾದ ಕಡೆ ಇಲಿ ಕಡಿದ ತೂತಿತ್ತು. ಆ ತೂತಿನೊಳಗೆ ನಾನು ಹತ್ತು ದಿನಗಳ ವೇಳಾಪಟ್ಟಿಯನ್ನು ರಚಿಸಿದೆ. ಮೊದಲ ದಿನ ಬಂದರಿನ ಹಮಾಲರ ಸ್ಥಿತಿಗತಿ. ಎರಡನೆಯ ದಿನ ಹತ್ತಿಯ ಗಿರಣಿಗಳು. ಮೂರನೆಯ ದಿನ ಗಿರಣಿಯ ಹೆಂಗಸರ ರಾತ್ರಿಶಾಲೆ. ನಾಲ್ಕನೆಯ ದಿನ, ಶಾಂಘೈಯಲ್ಲಿ ಕಂಡುಬಂದ ಅನ್ಯಾಯಗಳನ್ನು ಶಾಂಘೈಯವರಿಗೆ ತಿಳಿಸುವುದು. ಹೀಗೆ ಹತ್ತೂ ದಿನ ಭರ್ತಿಯಾದವು. ನಂಜಮ್ಮನಿಗೆ ಅಭಿಮಾನದಿಂದ ಓದಿ ಹೇಳಿದೆ. ಆಕೆ ಸೊಪ್ಪು ಬಿಡಿಸುತ್ತಾ ಪೂರ್ತಿ ಕೇಳಿ, “ಊಟ ಯಾವತ್ತು ಮಾಡ್ತೀರಿ?” ಎಂದಳು.

ಊಟ ಮರೆತುಹೋಗಿತ್ತು. ವಿಚಾರಿಸಿದಾಗ ಅಲ್ಲಿಯವರು ಎರಡು ಕಡ್ಡಿಗಳಿಂದ ಉಣ್ಣುತ್ತಾರೆಂದು ತಿಳಿಯಿತು. ಬಿದಿರು ಸೀಳಿ ಕಡ್ಡಿ ಮಾಡಿಕೊಂಡು ಅಭ್ಯಾಸಕ್ಕೆ ಕುಳಿತೆ. ನಮ್ಮ ಮನೆಯಲ್ಲಿ ಅಭ್ಯಾಸಕ್ಕೆ ದೊರೆಯುವುದು ರಾಗಿಮುದ್ದೆ. ಮೊದಲನೆಯ ಕಡ್ಡಿ ಮುದ್ದೆಯಲ್ಲಿ ಹೂತುಹೋಯಿತು. ಎರಡನೆಯದು ಅದನ್ನು ಬಿಡಿಸಲು ಹೋಗಿ ತಾನೂ ಹೂತುಕೊಂಡಿತು. ಎರಡನ್ನೂ ಬಲವಾಗಿ ಎಳೆದಾಗ ಮುದ್ದೆ ಇಡಿಯಾಗಿ ಎದ್ದು, ಹಾರಿ, ಒಲೆಯ ಬೂದಿಗೆ ಬಿತ್ತು. ನಂಜಮ್ಮ ಅದನ್ನು ತೆಗೆದು, ಬೂದಿಯಾದ ಮೇಲ್ಮೈ ಕೆರೆದು, ತನ್ನ ತಟ್ಟೆಗೆ ಹಾಕಿಕೊಂಡು, ತನ್ನ ಮುದ್ದೆಯನ್ನು ನನಗೆ ಕೊಟ್ಟಳು.

“ಚೀನಾದೋರು ಮುದ್ದೆ ತಿನ್ನಲ್ಲ ಕಣ್ರೀ.”

“ಅದಕ್ಕೇ ಅವರಿಗೆ ಕಡ್ಡಿ ಸಾಧ್ಯವಾಗಿರೋದು,” ಎಂದೆ. ಅವಳ ತಟ್ಟೆಯ ಕಡೆ ಅಂದೇ ಸರಿಯಾಗಿ ನೋಡಿದ್ದರೆ ಮುಂದಿನದನ್ನು ಬರೆಯಬೇಕಾಗಿರಲಿಲ್ಲ.

ನೇಕಾರರು ಬೀಳ್ಕೊಡುಗೆಯ ಸಭೆ ಏರ್ಪಡಿಸಿದರು. ಪಕ್ಕದ ಹಳ್ಳಿ ರಾಜಘಟ್ಟದಿಂದ ನಡೆದು ಬಂದವರು ನೂಲಿನ ಹಾರ ಹಾಕಿದರು. ಶಾಂಘೈಯ ಚಳಿಗೆಂದು ಬೆಂಗಳೂರಿನಲ್ಲಿ ಕೊಂಡಿದ್ದ ಹಳೆಯ ಮಿಲಿಟರಿ ಕೋಟನ್ನು ನಾನು ಬಿಸಿಲಿನಲ್ಲೇ ತೊಟ್ಟಿದ್ದೆ. ಬೆವರು ಸುರಿಯುತ್ತಿತ್ತು, ಜನ ಅದನ್ನು ಕಣ್ಣೀರೆಂದು ತಿಳಿದು ಕರಗಿದರು. ಆ ಹುರುಪಿನಲ್ಲಿ ನಾನು ಘೋಷಿಸಿದೆ: “ಊರು ಬಿಡುವವನು ಊರಿನ ಅನ್ನದಲ್ಲಿ ಪಾಲು ಇಟ್ಟುಕೊಳ್ಳಬಾರದು. ನನ್ನ ಹೆಸರನ್ನು ರೇಷನ್ ಚೀಟಿಯಿಂದ ಇಂದು ಬೆಳಿಗ್ಗೆಯೇ ಹೊಡೆಸಿ ಬಂದಿದ್ದೇನೆ.”

ಚಪ್ಪಾಳೆ ಬಹಳ ಹೊತ್ತು ಬಿತ್ತು. ನಂಜಮ್ಮ ಮಾತ್ರ ತಟ್ಟಲಿಲ್ಲ. ಮನೆಗೆ ಬಂದ ಮೇಲೆ ಕೇಳಿದಳು. “ಹಡಗು ಹತ್ತಿದ್ಮೇಲೆ ಹೊಡೆಸಿದ್ರೆ ಆಗ್ತಿರ್ಲಿಲ್ವಾ?”

“ತತ್ವ ಹಡಗಿಗಾಗಿ ಕಾಯುವುದಿಲ್ಲ, ನಂಜೂ.”

ತತ್ವ ಕಾಯಲಿಲ್ಲ. ಹಡಗೂ ಬರಲಿಲ್ಲ. ಪೆಟ್ಟಿಗೆ ಹೊತ್ತು ಬೆಂಗಳೂರಿನ ಸಂಘಕ್ಕೆ ಹೋದೆ. ಅಲ್ಲಿಯ ಕಾರ್ಯದರ್ಶಿಗಳು ನನ್ನ ಕೋಟನ್ನು ಮೆಚ್ಚಿಕೊಂಡರು. “ಸಿದ್ಧರಾಗಿರಿ ಎಂದು ಬರೆದದ್ದು ಮಾನಸಿಕ ಸಿದ್ಧತೆಯ ಅರ್ಥದಲ್ಲಿ” ಎಂದು ವಿವರಿಸಿದರು. ಸಂಜೆಯ ರೈಲಿನಲ್ಲಿ ಯಲಹಂಕದ ಮೇಲೆ ಹಿಂತಿರುಗಿದೆ. ಜಗಲಿಯ ಮೇಲೆ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅಮೀನಾಬಿ ತಲೆಯೆತ್ತಿ ನೋಡಿದಳು.

“ಚೀನಾ ಇಷ್ಟು ಹತ್ರಾನಾ ಮೇಷ್ಟ್ರೆ?”

ಕೆಲವು ವಾರಗಳ ಮೇಲೆ ಎರಡನೆಯ ಕಾಗದ ಬಂತು. ಚೀನಾದಲ್ಲಿ ಅವರವರೇ ಹೊಡೆದಾಡುತ್ತಿದ್ದಾರೆ, ಹಡಗುಗಳಲ್ಲಿ ಸ್ಥಳವಿಲ್ಲ, ಪ್ರವಾಸವನ್ನು ಕೈಬಿಡಲಾಗಿದೆ, ತಮ್ಮ ಉತ್ಸಾಹಕ್ಕೆ ವಂದನೆಗಳು. ನಾನು ಆ ಉತ್ಸಾಹವನ್ನೂ ಕಾಗದವನ್ನೂ ತೆಗೆದುಕೊಂಡು ತಾಲ್ಲೂಕು ಕಚೇರಿಗೆ ಹೋದೆ. ರೇಷನ್ ಗುಮಾಸ್ತರು ಕಡತ ತೆಗೆದು ನೋಡಿ, ನನ್ನನ್ನು ನೋಡಿ, ಮತ್ತೆ ಕಡತವನ್ನೇ ನಂಬಿದರು.

“ಮೇಷ್ಟ್ರೇ, ನೀವು ಚೀನಾಗೆ ಹೋಗಿದೀರಲ್ಲ.”

“ನಿಮ್ಮೆದುರಿಗೇ ನಿಂತಿದೀನಲ್ಲ ಸ್ವಾಮಿ.”

“ನಿಂತಿರೋದು ಸರಿ. ಬಂದಿದ್ದು ಯಾವಾಗ?”

“ಹೋಗಲೇ ಇಲ್ಲ.”

“ಹೋಗ್ದೇ ಇರೋರು ಬರೋದು ಹ್ಯಾಗೆ? ಹಿಂತಿರುಗಿದ್ದಕ್ಕೆ ಆಧಾರ ಬೇಕು ಅಂತ ನಿಯಮ ಇದೆ. ಹೋಗದೇ ಇದ್ದದ್ದಕ್ಕೆ ಆಧಾರ ತಗೊಳ್ಳಿ ಅಂತ ಎಲ್ಲೂ ಇಲ್ಲ. ಬರೆದೋರು ಅದನ್ನ ಯೋಚನೆ ಮಾಡಿಲ್ಲ.”

“ಬರೆದವನು ನಾನೇ.”

“ಗೊತ್ತು ಸಾರ್. ಅಕ್ಷರ ಮುತ್ತಿನಂಗಿದೆ.”

ಸಂಘದ ಕಾಗದ ತೋರಿಸಿದೆ. ಅದು ಪ್ರವಾಸ ನಿಂತದ್ದಕ್ಕೆ ಆಧಾರವೇ ಹೊರತು ನಾನು ನಿಂತದ್ದಕ್ಕೆ ಅಲ್ಲವಂತೆ. ಉತ್ಸಾಹಿ ಮನುಷ್ಯ, ಒಬ್ಬನೇ ಹೋಗಿರಬಹುದಂತೆ. ಅಮಲ್ದಾರರನ್ನು ಕಂಡೆ. ಒಬ್ಬರಿಗೆ ಸಡಿಲಿಸಿದರೆ ಎಲ್ಲರಿಗೂ ಸಡಿಲಿಸಬೇಕಾಗುತ್ತದೆ ಎಂದು ಅವರು ನನ್ನ ಅರ್ಜಿಯ ಕೊನೆಯ ಪ್ಯಾರಾವನ್ನೇ ನನಗೆ ಓದಿ ಹೇಳಿದರು. ಹೊರಗೆ ಬರುವಾಗ ಗುಮಾಸ್ತರು ಕನಿಕರದಿಂದ ಪಕ್ಕಕ್ಕೆ ಕರೆದರು.

“ನನ್ಮಾತು ಕೇಳಿ. ಹ್ಯಾಗಾದ್ರೂ ಮಾಡಿ ಒಂದ್ಸಲ ಹೋಗಿ ಬಂದ್ಬಿಡಿ. ಆಮೇಲೆ ಸಲೀಸು.”

ಆದರೂ ನನ್ನ ತಟ್ಟೆಗೆ ಮುದ್ದೆ ತಪ್ಪಲಿಲ್ಲ. ಇದನ್ನು ನಾನು ನಂಜಮ್ಮನ ಗೃಹಕೃತ್ಯದ ಜಾಣ್ಮೆ ಎಂದು ತಿಳಿದೆ. ಮಿತವ್ಯಯದ ಬಗ್ಗೆ ರಾತ್ರಿಶಾಲೆಯಲ್ಲಿ ಅವಳ ಉದಾಹರಣೆಯನ್ನೂ ಕೊಟ್ಟೆ. ನಮ್ಮ ಕಡೆ ಹೆಂಗಸರು ಎಲ್ಲರದೂ ಆದ ಮೇಲೆ ಒಳಗೆ ಕೂತು ಉಣ್ಣುತ್ತಾರೆ. ಈ ಪದ್ಧತಿಯ ವಿರುದ್ಧ ನಾನು ಎರಡು ಸಲ ಭಾಷಣ ಮಾಡಿದ್ದೇನೆ. ನಂಜಮ್ಮ ಉಣ್ಣುವಾಗ ಒಮ್ಮೆಯೂ ಒಳಗೆ ಹೋಗಿ ನೋಡಿರಲಿಲ್ಲ.

ಹೇಳಿದವಳು ಅಮೀನಾಬಿ. ನಂಜಮ್ಮ ಬಾವಿಗೆ ಹೋಗಿದ್ದ ಸಮಯ ನೋಡಿ ಗೋಡೆಯ ಹತ್ತಿರ ಬಂದಳು.

“ಮೇಷ್ಟ್ರೆ, ಬೈಯ್ಯಂಗಿದ್ರೆ ನನ್ನ ಬೈರಿ, ಅವ್ರನ್ನ ಬ್ಯಾಡ. ನಿಮ್ಮನೆಯೋರು ಮಧ್ಯಾಹ್ನ ನಮ್ಮನೇಲಿ ಅಂಬಲಿ ಕುಡೀತಾರೆ.”

“ನಿಮ್ಮ ಮನೆಯಲ್ಲೇ ಸಾಲದಲ್ಲಮ್ಮಾ?”

“ಸಾಲಲ್ಲ. ನೀರು ಜಾಸ್ತಿ ಹಾಕ್ತೀನಿ. ನಮ್ಮೆಜಮಾನ್ರ ಪಾಲು ಹೋಗಿದ್ದು ಅವ್ರು ಸತ್ತಿದ್ದಕ್ಕೆ. ನೀವು ಬದುಕಿದ್ದೂ ಕಳ್ಕೊಂಡ್ರಲ್ಲ. ಬಸುರಿ ಹೆಂಗಸು ಏನ್ ಮಾಡ್ಬೇಕು?”

ಎಲ್ಲ ಮತದವರೂ ಒಟ್ಟಿಗೆ ಕುಳಿತು ಉಣ್ಣಬೇಕೆಂದು ಉಪನ್ಯಾಸ ಮಾಡಿದವನು ನಾನು. ಅದನ್ನು ನಡೆಸಿದವಳು ನನ್ನ ಹೆಂಡತಿ, ನನಗೆ ಹೇಳದೆ, ಹೊಟ್ಟೆಯ ಸಂಕಟಕ್ಕೆ. ಅಂದು ಮಧ್ಯಾಹ್ನ ನಾನು ಮುದ್ದೆಯನ್ನು ಅರ್ಧ ಮಾಡಿ ಅವಳ ಮುಂದಿಟ್ಟೆ.

“ಯಾರು ಹೇಳಿದ್ರು?” ಎಂದಳು.

“ಯಾರೂ ಇಲ್ಲ.”

“ಅಮೀನಕ್ಕನೇ. ನಿಮಗೆ ನೀವಾಗೇ ಕಾಣೋದು ಚೀನಾ ಮಾತ್ರ.” ಅವಳು ನಗಲಿಲ್ಲ. ಅರ್ಧ ಮುದ್ದೆಯನ್ನು ಮಾತ್ರ ಬೇಗ ಬೇಗ ಉಂಡಳು. ಅಷ್ಟು ಬೇಗ ಉಣ್ಣುವುದನ್ನು ನೋಡುವುದು ಕಷ್ಟವಾಗಿತ್ತು.

ಮಗಳು ಹುಟ್ಟಿದಳು. ಸೂಲಗಿತ್ತಿ ಕೂಸನ್ನು ಕೈಯಲ್ಲಿ ತೂಗಿ, “ಹಗುರ” ಎಂದಷ್ಟೇ ಹೇಳಿ ನಂಜಮ್ಮನ ಪಕ್ಕದಲ್ಲಿ ಮಲಗಿಸಿದಳು. ಬಾಗಿಲಲ್ಲಿ ನಿಂತಿದ್ದ ಅಮೀನಾಬಿ, “ಮೇಷ್ಟ್ರ ಪೆಟ್ಟಿಗೆ ಮಾತ್ರ ಭಾರವಾಗಿತ್ತು” ಎಂದಳು. ಕೂಸನ್ನು ಬೆಚ್ಚಗಿಡಲು ಬೇರೇನೂ ಸಿಗದೆ ಶಾಂಘೈಯ ಕೋಟಿನಲ್ಲಿ ಸುತ್ತಿದರು. ಆ ಕೋಟು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಜನನದ ಸುದ್ದಿ ಕೊಡಲು ಕಚೇರಿಗೆ ಹೋದೆ. ಗುಮಾಸ್ತರು ಒಂದು ಪ್ರಶ್ನೆಯನ್ನೂ ಕೇಳದೆ ಕೂಸಿನ ಹೆಸರನ್ನು ಚೀಟಿಗೆ ಸೇರಿಸಿದರು. ಎಲ್ಲಿಂದ ಬಂದಳು, ಆಧಾರವೇನು, ಏನೂ ಇಲ್ಲ. ಮಕ್ಕಳ ಅರ್ಧ ಪಾಲು ಮಂಜೂರಾಯಿತು. ಆ ಪಾಲನ್ನು ಈಗ ಮನೆಯಲ್ಲಿ ಉಣ್ಣುತ್ತಿರುವವನು ನಾನು. ಸುಳ್ಳು ಹೆಸರುಗಳ ಪರಮಶತ್ರುವಾದ ನಾನು ದಿನಕ್ಕೆ ಎರಡು ಹೊತ್ತು, ಇನ್ನೊಬ್ಬರ ಹೆಸರಿನಲ್ಲಿ, ತಲೆ ತಗ್ಗಿಸಿಕೊಂಡು.

ಆದಕಾರಣ, ಟಿಕೆಟ್ಟಿಲ್ಲದೆ ಮನುಷ್ಯರನ್ನು ಸಿದ್ಧಪಡಿಸಿದ ಸಂಘದ ಕಾರ್ಯದರ್ಶಿಗಳಲ್ಲಿಯೂ, ಓದದೆ ರುಜು ಹಾಕಿದ ಅಮಲ್ದಾರರಲ್ಲಿಯೂ, ಯೋಚಿಸದೆ ನಿಯಮ ಬರೆದ ಸಮಿತಿಯ ಅಧ್ಯಕ್ಷ, ಕಾರ್ಯದರ್ಶಿ ಹಾಗೂ ಜವಾನನಲ್ಲಿಯೂ ನನ್ನ ಒತ್ತಾಯ ಇದು. ಮೊದಲು, ಮಗ್ಗದಲ್ಲಿ ದೊಡ್ಡವರಂತೆ ದುಡಿಯುವ ಅಮೀನಾಬಿಯ ಮಕ್ಕಳಿಗೆ ದೊಡ್ಡವರ ಪೂರ್ತಿ ಪಾಲು ಮಂಜೂರಾಗಬೇಕು. ಅದಾದ ಮೇಲೆ, ನಾನು ಶಾಂಘೈಗೆ ಹೋಗಿಲ್ಲವೆಂದು ಸಂಘದವರು ಬರೆದುಕೊಡಬೇಕು, ಅಮಲ್ದಾರರು ಮೊಹರು ಹಾಕಬೇಕು. ವಿಳಂಬ ಮಾಡಬಾರದು. ಮಗಳ ವಸಡಿನಲ್ಲಿ ಬೆಳ್ಳಗೆ ಏನೋ ಕಾಣುತ್ತಿದೆ ಎಂದು ನಂಜಮ್ಮ ನಿನ್ನೆಯಿಂದ ಹೇಳುತ್ತಿದ್ದಾಳೆ. ಹಲ್ಲು ಬಂದ ದಿನ ಮಗಳು ತನ್ನ ಪಾಲು ಕೇಳುತ್ತಾಳೆ. ಆಗ ನಾನು ನಿಜವಾಗಿಯೂ ಚೀನಾಗೆ ಹೋಗಬೇಕಾಗುತ್ತದೆ.