ಅತ್ತೆಗೆ ಸಮುದ್ರ ತೋರಿಸಿದ್ದು

ಬೇರೆಯವರ ಮನೆಯಲ್ಲಿ ಪ್ರವಾಸ ಮುಗಿಸಿ ಬಂದ ಮೇಲೆ ನಗುತ್ತಾರೆ. ನಮ್ಮ ಮನೆಯಲ್ಲಿ ಹೊರಡುವ ಮೊದಲೇ ಊರು ನಗುತ್ತದೆ. ಶಿಡ್ಲಘಟ್ಟದ ಪಕ್ಕದ ಹಳ್ಳಿ ನಮ್ಮದು. ಯಜಮಾನರು ರೇಷ್ಮೆ ಹುಳು ಸಾಕುತ್ತಾರೆ, ನಾನು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತೇನೆ. ಎಪ್ಪತ್ತು ದಾಟಿದ ನಮ್ಮತ್ತೆ ಸಮುದ್ರವನ್ನು ಟಿ.ವಿ.ಯಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ. "ಕಣ್ಣು ಚೆನ್ನಾಗಿರೋವಾಗ್ಲೇ ಒಂದ್ಸಲ ತೋರಿಸ್ಬಿಡಪ್ಪ" ಎಂದು ಒಂದು ದಿನ ಮಗನನ್ನು ಕೇಳಿದರು. ಅಲ್ಲಿಂದ ಶುರು.

ರೂಮು ಬುಕ್ ಮಾಡಿದ್ದು

ಹುಳುವಿನ ಮನೆಯಲ್ಲಿ ಕ್ಯಾಲೆಂಡರ್ ನಡೆಯುವುದಿಲ್ಲ. ಹುಳು ಸೊಪ್ಪು ತಿನ್ನುವಾಗ ಹೊರಡುವ ಹಾಗಿಲ್ಲ, ಗೂಡು ಕಟ್ಟುವಾಗಂತೂ ಉಸಿರಾಡುವುದಕ್ಕೂ ಹೊತ್ತಿಲ್ಲ. ಯಜಮಾನರು ಉಡುಪಿ ಕಡೆಯ ಹೋಟೆಲೊಂದಕ್ಕೆ ಫೋನ್ ಮಾಡಿದರು.

"ಯಾವ ತಾರೀಖಿಗೆ ಬರ್ತೀರಿ ಸರ್?"

"ಹುಳ ಸೊಪ್ಪು ತಿಂದು ಹಣ್ಣಾಗಿ, ಗೂಡು ಕಟ್ಟಿ, ಮಾರ್ಕೆಟ್‌ಗೆ ಹಾಕಿದ ಮಾರನೇ ದಿನ ಹೊರಡ್ತೀವಿ."

"ಅಂದಾಜು ತಾರೀಖು ಹೇಳಿ ಸರ್."

"ಅದು ನನ್ ಕೈಲಿಲ್ಲ ಕಣಪ್ಪ. ಥಂಡಿ ಜಾಸ್ತಿ ಆದ್ರೆ ಅವು ನಿಧಾನ ಮಾಡ್ತವೆ. ಅವಕ್ಕೆ ಅನುಕೂಲ ಆದಾಗ ನಾವು."

ಆ ಕಡೆಯವನು ಬಹಳ ವಿನಯದಿಂದ ಹೇಳಿದ: "ಸಾರಿ ಸರ್, ನಮ್ಮಲ್ಲಿ ಸಾಕುಪ್ರಾಣಿಗಳಿಗೆ ಅವಕಾಶ ಇಲ್ಲ."

ಹತ್ತಿರದ ಸಮುದ್ರ

ಮಕ್ಕಳಿಗೆ ಬೆಂಗಳೂರಿನ ಆಚೆಯ ವಾಟರ್ ಪಾರ್ಕ್ ಬೇಕು, ಅತ್ತೆಗೆ ಸಮುದ್ರ ಬೇಕು, ಹುಳುವಿನ ಎರಡು ಬೆಳೆಗಳ ನಡುವೆ ಸಿಗುವ ಬಿಡುವು ಅಂಗೈಯಗಲ. ಯಜಮಾನರು ಫೋನ್ ಹಿಡಿದು ಅಡುಗೆಮನೆಗೆ ಓಡಿ ಬಂದರು. ಪಾರ್ಕಿನೊಳಗೇ ಬೀಚ್ ಇದೆಯಂತೆ!

"ಅಲ್ಲಿಂದ ಸಮುದ್ರಕ್ಕೆ ಎಷ್ಟು ದೂರ ಗೊತ್ತೇನ್ರೀ?" ಎಂದೆ.

"ನೀನು ಪಾಠ ಶುರು ಮಾಡ್ಬೇಡ. ನೀರಿದೆ, ಮರಳಿದೆ, ಅಲೆ ಇದೆ. ಅಮ್ಮನಿಗೆ ಏನ್ ಗೊತ್ತಾಗತ್ತೆ?"

ಅತ್ತೆಗೆ "ನಿಜವಾದ ಸಮುದ್ರಕ್ಕೇ ಕರ್ಕೊಂಡ್ ಹೋಗ್ತೀನಿ" ಎಂದರು. ಮಕ್ಕಳಿಗೆ ಐಸ್‌ಕ್ರೀಮಿನ ಆಸೆ ತೋರಿಸಿ ಬಾಯಿ ಕಟ್ಟಿದರು. ನನಗೆ ಅದೂ ಇಲ್ಲ.

ಅಲ್ಲಿಗೆ ಹೋದರೆ ಗೇಟಿನಲ್ಲೇ ತಕರಾರು. ಸೀರೆ ಉಟ್ಟು ನೀರಿಗೆ ಇಳಿಯುವ ಹಾಗಿಲ್ಲ, ಅಲ್ಲಿ ಬಾಡಿಗೆಗೆ ಕೊಡುವ ಬಟ್ಟೆಯನ್ನೇ ಹಾಕಬೇಕು. "ಸಮುದ್ರಕ್ಕೂ ಯೂನಿಫಾರಂ ಏನೋ?" ಎಂದು ಅತ್ತೆ ದಡದಲ್ಲೇ ಕುಳಿತರು. ಪ್ಲಾಸ್ಟಿಕ್ ತೆಂಗಿನ ಮರವನ್ನು ಒಮ್ಮೆ ಉಗುರಿನಲ್ಲಿ ಕೆರೆದು ನೋಡಿದರು. ಅಲೆಗಳು ಬರುತ್ತಿದ್ದವು, ಯಜಮಾನರ ಮುಖ ಅರಳುತ್ತಿತ್ತು. ಅಷ್ಟರಲ್ಲಿ ಪಾರ್ಕಿನವನೊಬ್ಬ ಸೀಟಿ ಊದಿದ. ಅಲೆಗಳೆಲ್ಲ ಒಟ್ಟಿಗೆ ನಿಂತುಹೋದವು.

ಅತ್ತೆ ಮಗನ ಕಡೆ ತಿರುಗಿದರು. "ಏನಪ್ಪಾ, ಸಮುದ್ರರಾಜ ಊಟಕ್ಕೆ ಹೋದನಾ?"

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆ ಮಾತ್ರ ನಗಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ, "ಆಗಲ್ಲ ಅಂದಿದ್ರೆ ಬಿಡ್ತಿದ್ದೆ ಕಣೋ. ಏಮಾರಿಸ್ಬಾರದಾಗಿತ್ತು" ಎಂದರು.

ಬೆಳೆ ಬಿಟ್ಟಿದ್ದು

ಮುಂದಿನ ಬೆಳೆಗೆ ಯಜಮಾನರು ಮರಿಹುಳು ತರಲೇ ಇಲ್ಲ. ತೋಟದಲ್ಲಿ ಸೊಪ್ಪು ಸೊಂಪಾಗಿ ನಿಂತಿದೆ, ಹುಳುವಿನ ಮನೆ ಖಾಲಿ. ನಮ್ಮ ಕಡೆ ಮನೆಯಲ್ಲಿ ಮದುವೆಯಾದರೂ ಬೆಳೆ ಬಿಡುವವರಿಲ್ಲ. ಪಕ್ಕದ ಮನೆಯ ಅಜ್ಜಿ ಗಾಬರಿಯಾಗಿ ಬಂದರು.

"ಸಮುದ್ರಕ್ಕೆ ಹೋಗ್ತಿದೀವಿ ಅಜ್ಜಿ" ಎಂದರು ಯಜಮಾನರು.

"ಅಯ್ಯೋ ದೇವುಡಾ!" ಅಜ್ಜಿ ಸೆರಗು ಬಾಯಿಗಿಟ್ಟುಕೊಂಡರು. "ಅಸ್ಥಿ ಬಿಡೋಕಾ? ನಿಮ್ಮಮ್ಮ ಯಾವಾಗ ಹೋದ್ರಪ್ಪಾ?"

ಒಳಗಿನಿಂದ ಬ್ಯಾಗು ಹಿಡಿದುಕೊಂಡು ಅತ್ತೆ ಬಂದರು. "ಇನ್ನೂ ಹೋಗಿಲ್ಲ ಕಣಕ್ಕ. ಇವಾಗ ಹೊರಟಿದೀನಿ."

ನಿಜವಾದದ್ದು

ಉಡುಪಿ ಕಡೆಯ ಸಮುದ್ರದ ದಡ ಮುಟ್ಟಿದಾಗ ಬೆಳಗಿನ ಬಿಸಿಲು. ಕಣ್ಣು ಹೋದಷ್ಟು ದೂರ ನೀರು. ಅತ್ತೆ ಏನಾದರೂ ಹೇಳುತ್ತಾರೆಂದು ಯಜಮಾನರು ಅವರ ಮುಖವನ್ನೇ ನೋಡುತ್ತಿದ್ದರು. ಅತ್ತೆ ನಿಧಾನವಾಗಿ ಹೋಗಿ, ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದರು.

"ಈ ಸಲ ಉಪ್ಪೂ ಹಾಕಿಸಿದೀಯಾ?"

ಯಜಮಾನರಿಗೆ ಜೀವವೇ ಹೋದಂತಾಯಿತು. "ಅಮ್ಮಾ, ನಿನ್ನಾಣೆಗೂ ಇದು ನಿಜವಾದ್ದು!"

"ಅವತ್ತೂ ಹಂಗೇ ಅಂದಿದ್ದೆ."

ಯಜಮಾನರು ಪರದಾಡಿದ್ದನ್ನು ನೋಡಬೇಕಿತ್ತು. ದೋಣಿ ತೋರಿಸಿದರು, ಬಲೆ ತೋರಿಸಿದರು, ಒಂದು ಏಡಿಯನ್ನು ಹಿಡಿಯಲು ಹೋಗಿ ಬೆರಳು ಕಚ್ಚಿಸಿಕೊಂಡರು. ಅತ್ತೆ ಎಲ್ಲಕ್ಕೂ "ಚೆನ್ನಾಗಿ ಮಾಡಿದಾರೆ" ಎಂದರು. ಕೊನೆಗೆ ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸನ್ನು ಅಡ್ಡಗಟ್ಟಿ, "ಅಮ್ಮ, ನೀವಾದ್ರೂ ಹೇಳಿ, ಇದು ಸಮುದ್ರ ತಾನೇ?" ಎಂದು ಗೋಗರೆದರು.

ಆಕೆ ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕಡಲಲ್ಲದೆ ಮತ್ತೆಂಥದು ಮಾರಾಯ್ರೆ? ಹುಷಾರಿದ್ದೀರಲ್ಲ?"

ನಾನು ಅತ್ತೆಯ ಮುಖ ನೋಡಿದೆ. ಕಣ್ಣಲ್ಲಿ ನೀರು ತುಂಬಿತ್ತು, ತುಟಿಯ ತುದಿಯಲ್ಲಿ ನಗು ಒತ್ತಿ ಹಿಡಿದಿದ್ದರು. ಇದು ನಿಜವಾದ ಸಮುದ್ರವೆಂದು ನೋಡಿದ ಕೂಡಲೇ ಅವರಿಗೆ ಗೊತ್ತಾಗಿತ್ತು! ನನ್ನ ಕೈ ಮೆಲ್ಲಗೆ ಚಿವುಟಿ ಸುಮ್ಮನಿರು ಎಂದರು. ಆಮೇಲೆ ಮಗನಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು:

"ಪಾಪ, ಆಯಮ್ಮನಿಗೂ ಹೇಳ್ಕೊಟ್ಟು ನಿಲ್ಸಿದಾನೆ ನೋಡು ನನ್ ಮಗ!"