ಓಡುವ ಹಾಡಿಗೆ ಬಡಿದ ರೊಟ್ಟಿ

ಖಾನಾವಳಿ ಇಟ್ಟವನ ಮನೆಯಲ್ಲಿ ನಗುವ ಸಂಗತಿಗೆ ಬರ ಇಲ್ಲ. ನಾನು ನಗದೆ ಕೂತರೂ ಅವು ಬಾಗಿಲು ದೂಡಿಕೊಂಡು ಬರುತ್ತವೆ. ಪುಣೆ ಹತ್ತಿರದ ನಿಗಡಿಯಲ್ಲಿ ನಮ್ಮದು ಸಣ್ಣ ಖಾನಾವಳಿ. ಜೋಳದ ರೊಟ್ಟಿ, ಎರಡು ಪಲ್ಯ, ಸಾರು, ಅನ್ನ. ರೊಟ್ಟಿ ಬಡಿಯುತ್ತಿದ್ದವಳು ಹೆಂಡತಿ. ಬಡಿಸುತ್ತಿದ್ದವನು ನಾನು. ಆಕೆ ತೀರಿಹೋಗಿ ಎಂಟು ತಿಂಗಳಾಯಿತು. ಈಗ ಎರಡೂ ನಾನೇ.

೧. ನನ್ನ ರೊಟ್ಟಿ

ಆಕೆಯ ಕೈ ಜೋರು. ಮಾತು ಮುಗಿಯುವುದರೊಳಗೆ ರೊಟ್ಟಿ ಹಂಚಿನ ಮೇಲೆ. ನನ್ನದು ನಿಧಾನ. ಮೊದಲಿನಿಂದಲೂ ನಿಧಾನ. ನಿಧಾನ ಬಡಿದರೆ ಅಂಚು ಸೀಳುತ್ತದೆ, ನಡುವೆ ದಪ್ಪ ಉಳಿಯುತ್ತದೆ.

ಮಧ್ಯಾಹ್ನ ಊಟಕ್ಕೆ ಬರುವವರು ಹತ್ತಿರದ ಕಾರ್ಖಾನೆಯ ಕಾರಕೂನರು. ಎಂಟು ಮಂದಿ, ಎಲ್ಲ ನಮ್ಮ ಧಾರವಾಡ, ಬೆಳಗಾವಿ ಕಡೆಯವರು. ಅವರಲ್ಲಿ ಹಿರಿಯರದು ಚೂಪು ನಾಲಿಗೆ. ಒಂದು ದಿನ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದರು.

“ಮಾಲಕರ, ಇದು ರೊಟ್ಟಿ ಏನ್ರಿ?”

“ಹೌದ್ರಿ.”

“ನಾ ಮಣಿ ಅಂದ್ಕೊಂಡಿದ್ದೆ. ಮ್ಯಾಲೆ ಕೂತು ಊಟಾ ಮಾಡೂಣು ಅಂತ.”

ಎಲ್ಲರೂ ನಕ್ಕರು. ಆಮೇಲೆ ಅವರೊಬ್ಬರೇ ಒಳಗೆ ಬಂದು ಮೆಲ್ಲಗೆ ಅಂದರು. “ವೈನಿಯವರ ನೆನಪಿಗೆ ಇಷ್ಟು ದಿನ ತಿಂದೀವ್ರಿ. ಈ ತಿಂಗಳು ನೋಡ್ತೀವಿ. ಹಲ್ಲು ಎಷ್ಟು ಉಳೀತಾವ, ಅದರ ಮ್ಯಾಲೆ ಹೇಳ್ತೀವಿ.”

ಅವರು ಹೋದರೆ ಖಾನಾವಳಿ ಇಲ್ಲ. ಮುಚ್ಚಿ ಆರಾಮ ಕೂಡು ಅಂತಾಳೆ ಮಗಳು. ಕೂಡಲಿಕ್ಕೇ ಆಗುವುದಿಲ್ಲ ನನಗೆ. ಕೂತರೆ ಏಳಬೇಕು. ಎದ್ದರೆ ಹೊರಡಬೇಕು. ಎಲ್ಲಿಗೆ ಅಂದರೆ ಗೊತ್ತಿಲ್ಲ. ಒಂದು ರವಿವಾರ ಹಾಲು ತರಲಿಕ್ಕೆ ಹೋದವನು ಆಕುರ್ಡಿ ಸ್ಟೇಷನ್ ತನಕ ನಡೆದು ತಿರುಗಿ ಬಂದೆ. ಹಾಲು ಮರೆತಿದ್ದೆ.

೨. ಕುಂಟ ಕುದುರೆ

ಮಗಳಿಗೆ ತಳೇಗಾಂವದಲ್ಲಿ ನೌಕರಿ, ಮಧ್ಯಾಹ್ನದ ಪಾಳಿ. ಕಾರಕೂನರ ಊಟ ಆಗಿ ಹೊರಡುವ ತನಕ ಅಡುಗೆಮನೆಯಲ್ಲಿ ನನ್ನ ಕೂಡ. ಫೋನನ್ನು ಖಾಲಿ ಹಿಟ್ಟಿನ ಡಬ್ಬಿಯಲ್ಲಿಟ್ಟು ಹಾಡು ಹಚ್ಚುತ್ತಾಳೆ. ಡಬ್ಬಿಯಲ್ಲಿಟ್ಟರೆ ದೊಡ್ಡದಾಗಿ ಕೇಳುತ್ತದೆ.

ಇಂಗ್ಲಿಷ್ ಹಾಡು. ಮೇಲೆ ಒಂದು ಹುಡುಗಿ ಸಿಹಿಯಾಗಿ ಹಾಡುತ್ತಾಳೆ, ಏನೋ ಕಳಕೊಂಡವಳ ಹಾಗೆ. ಕೆಳಗೆ ಡ್ರಮ್ಮು ಓಡುತ್ತಿರುತ್ತದೆ. ಅದೂ ನೆಟ್ಟಗೆ ಅಲ್ಲ. ಕುಂಟ ಕುದುರೆ ಟಾಂಗಾ ಎಳೆದ ಹಾಗೆ, ಒಂದು ಹೆಜ್ಜೆ ಇಡುತ್ತದೆ, ಒಂದು ಬಿಡುತ್ತದೆ.

“ಏನವಾ ಇದು?”

“ಈ ಥರಾ ಸಂಗೀತಕ್ಕ ಗ್ಯಾರೇಜ್ ಅಂತಾರಪಾ. ಹಾಡು ಹೊಸಾದು, ಧಾಟಿ ಹಳೇದು. ಕೇಳಿದ್ರ ಆ ಕಾಲ ನೆನಪಾಗಿ ಒಂಥರಾ ಆಗ್ತದ.”

“ಯಾವ ಕಾಲ?”

“ನಾ ಹುಟ್ಟೂ ಹೊತ್ತಿಂದು.”

“ತೊಟ್ಟಲದಾಗ ಮಲಕೊಂಡು ಕುಣದಿದ್ದಿ ಏನು?”

ಬೈಯುತ್ತಲೇ ರೊಟ್ಟಿ ಬಡಿದೆ. ಕೈ ತಾನೇ ಓಡಿತು. ಡ್ರಮ್ಮು ಹೆಜ್ಜೆ ಬಿಟ್ಟಲ್ಲಿ ನಾನು ರೊಟ್ಟಿ ತಿರುಗಿಸಿದೆ. ಹಂಚಿಗೆ ಬಿದ್ದದ್ದೇ ಅದು ಪೂರಿ ಹಾಗೆ ಉಬ್ಬಿತು. ತೆಳ್ಳಗಿತ್ತು. ಮಗಳು ನೋಡಿದಳು. ನಾನೂ ನೋಡಿದೆ.

“ಅವ್ವನ ರೊಟ್ಟಿ,” ಅಂದಳು.

“ಕುಂಟ ಕುದುರೀದು,” ಅಂದೆ.

೩. ಮೇಲಿನ ಮನೆಯ ಕಾಕು

ನಮ್ಮ ಮೇಲಿನ ಮನೆಯಲ್ಲಿ ಒಬ್ಬರು ಮರಾಠಿ ಕಾಕು, ವಯಸ್ಸಾದ ಹೆಂಗಸು. ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಮೂರನೇ ದಿನ ಕೋಲೂರಿಕೊಂಡು ಕೆಳಗೆ ಬಂದರು. “ಕಾಯ್ ಹೋ, ರೋಜ್ ವರಾತ್ ಆಹೇ ಕಾ ತುಮ್ಚ್ಯಾಕಡೇ?” ದಿನಾ ಮದುವೆ ಮೆರವಣಿಗೆ ಏನು ನಿಮ್ಮಲ್ಲಿ ಅಂತ. ತಪ್ಪಾಯಿತು ಅಂದೆ. ಮರುದಿನ ಹಾಡು ಸಣ್ಣಗೆ ಹಚ್ಚಿದೆವು.

ಮತ್ತೆ ಬಂದರು. ಸಿಟ್ಟು ಇನ್ನೂ ಜಾಸ್ತಿ. ಡಾಕ್ಟರು ದಿನಾ ಅರ್ಧ ತಾಸು ಮನೆಯೊಳಗೇ ನಡೆಯಿರಿ ಅಂದಿದ್ದಾರಂತೆ. ಈ ಹಾಡಿಗೆ ಕಾಲು ತಾವೇ ಹೋಗುತ್ತಿದ್ದವಂತೆ. ಇವತ್ತು ಹಾಡು ಕೇಳಲಿಲ್ಲ, ಸೋಫಾ ಹತ್ತಿರವೇ ನಿಂತುಬಿಟ್ಟೆ, ದೊಡ್ಡದು ಮಾಡಿ ಅಂದರು. ಮಗಳು ಮಾಡಿದಳು. ಕಾಕು ಬಾಗಿಲಲ್ಲಿ ತಿರುಗಿ ಇನ್ನೊಂದು ಮಾತು ಹೇಳಿದರು. ಯಾರಾದರೂ ಕೇಳಿದರೆ ನಾನು ಬಂದು ಬೈದೆ ಅಂತಲೇ ಹೇಳಬೇಕು.

೪. ತಿಂಗಳ ಕೊನೆ

ಕಾರಕೂನರು ತೀರ್ಮಾನ ಹೇಳುವ ದಿನ. ಅವತ್ತೇ ಮಗಳಿಗೆ ಬೆಳಗಿನ ಪಾಳಿ ಬಿತ್ತು. ಫೋನು ಆಕೆಯ ಜೊತೆ ಹೋಯಿತು. ನನ್ನದು ಬಟನ್ ಫೋನು. ಅದು ಗಂಟೆ ಮಾತ್ರ ಬಾರಿಸುತ್ತದೆ.

ಮೊದಲ ರೊಟ್ಟಿ ದಪ್ಪ. ಎರಡನೇದೂ ದಪ್ಪ. ಹಿರಿಯ ಕಾರಕೂನರು ಒಳಗೆ ಇಣುಕಿದರು.

“ಎಲ್ಲಿ ಹೋತ್ರಿ ನಿಮ್ಮ ಬ್ಯಾಂಡು?”

“ಪಾಳಿಗೆ ಹೋತ್ರಿ.”

ಅವರು ಹೋಗಿ ಸ್ಟೀಲ್ ತಾಟು ಮಗುಚಿದರು. ಚಮಚದಿಂದ ಬಡಿದರು. ಟಕ್, ಟಕಟ, ಒಂದು ಬಿಟ್ಟು ಟಕ್. ತಿಂಗಳಿಡೀ ಕೇಳಿ ಕೇಳಿ ಅವರಿಗೂ ಬಂದುಬಿಟ್ಟಿತ್ತು. ಉಳಿದ ಏಳೂ ಮಂದಿ ಅದೇ ತಾಳ ಹಿಡಿದರು. ನನ್ನ ಕೈ ಓಡಿತು. ಒಂದರ ಹಿಂದೆ ಒಂದು ರೊಟ್ಟಿ. ಎಲ್ಲ ತೆಳ್ಳಗೆ.

ಆ ಹಾಡಿನ ನಡುವೆ ಒಂದು ಜಾಗ ಇದೆ. ಎಲ್ಲ ವಾದ್ಯ ಒಮ್ಮೆಲೇ ನಿಲ್ಲುತ್ತವೆ. ಸ್ವಲ್ಪ ತಡೆದು ಮತ್ತೆ ಜೋರಾಗಿ ಬರುತ್ತವೆ. ಹಿರಿಯರು ಅದನ್ನೂ ಬಿಡಲಿಲ್ಲ. ಚಮಚ ಎತ್ತಿ ನಿಲ್ಲಿಸಿದರು. ಎಲ್ಲರೂ ನಿಲ್ಲಿಸಿದರು. ನಾನೂ ಕೈ ಎತ್ತಿ ನಿಂತೆ. ಮತ್ತೆ ಯಾವಾಗ ಶುರು ಮಾಡಬೇಕೋ ಒಬ್ಬರಿಗೂ ಗೊತ್ತಿಲ್ಲ. ಅವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

ಅದೇ ಹೊತ್ತಿಗೆ ಪಕ್ಕದ ಕಟ್ಟಡದ ವಾಚ್‌ಮನ್ ಊಟಕ್ಕೆ ಬಂದ. ಮರಾಠಿ ಮನುಷ್ಯ, ಭಾಳ ಮರ್ಯಾದಸ್ಥ. ಒಳಗೆ ಒಂದು ಹೆಜ್ಜೆ ಇಟ್ಟವನು ನಿಂತುಬಿಟ್ಟ. ಟೋಪಿ ತೆಗೆದ. ತಲೆ ತಗ್ಗಿಸಿದ. ಸ್ವಲ್ಪ ಹೊತ್ತು ಹಾಗೇ ನಿಂತು, ಹತ್ತಿರದವರ ಕಿವಿಯಲ್ಲಿ ಕೇಳಿದ. “ಕೋಣ್ ಗೇಲಂ?” ಯಾರು ತೀರಿಕೊಂಡರು ಅಂತ.

ಹಂಚಿನಿಂದ ಹೊಗೆ ಏಳುತ್ತಿತ್ತು.

“ರೊಟ್ಟಿ,” ಅಂದೆ ನಾನು.

ಎಂಟೂ ಮಂದಿ ತಾಟಿನ ಮೇಲೆ ಬಿದ್ದು ನಕ್ಕರು. ನಾನೂ ನಕ್ಕೆ. ಬೇರೆ ಯಾರೋ ನಕ್ಕ ಹಾಗೆ ಕೇಳಿತು. ಹಿರಿಯ ಕಾರಕೂನರು ಆ ಕರಕಲು ರೊಟ್ಟಿಯನ್ನೇ ಹಾಕಿಸಿಕೊಂಡರು. ಮುರಿದರು. ಚಟ್ ಅಂದಿತು.

“ಸುಟ್ಟರ ಸುಡ್ಲಿ, ತೆಳ್ಳಗದ. ಮುಂದಿನ ತಿಂಗಳೂ ಬರ್ತೀವ್ರಿ.”

ವಾಚ್‌ಮನ್ ಇನ್ನೂ ಟೋಪಿ ಹಿಡಿದು ನಿಂತೇ ಇದ್ದ. ಹಾಗಾದರೆ ಊಟಕ್ಕೆ ಕೂಡಬಹುದೋ, ಇಲ್ಲ ಮನೆಗೆ ಹೋಗಿ ಸ್ನಾನ ಮಾಡಿ ಬರಬೇಕೋ ಅಂತ ಕೇಳಿದ.